ಪಿಸ್ತೂಲ್ ಹೊಸಬರಿಗೆ: ಸೈಟ್ ಸರಿಯಾಗಿ ಕೂತಿದ್ದರೂ ಪೆಲೆಟ್ ಕೆಳಗೆ ಎಡಕ್ಕೆ ಯಾಕೆ ಹೋಗುತ್ತದೆ?

ಹೊಸಶೂಟರ್

ಎಲ್ಲರಿಗೂ ನಮಸ್ಕಾರ. 10 ಮೀಟರ್ ಏರ್ ಪಿಸ್ತೂಲ್ ಕಲಿಯಲು ಶುರು ಮಾಡಿದ್ದೇನೆ. ಬಲಗೈ, ಬಲಗಣ್ಣು. ಕೋಚ್ ವಾರಕ್ಕೊಮ್ಮೆ ಸಿಗುತ್ತಾರೆ, ಉಳಿದ ದಿನ ನಾನೇ ಅಭ್ಯಾಸ ಮಾಡಿಕೊಳ್ಳಬೇಕು. ನನ್ನ ತೊಂದರೆ ಇಷ್ಟು. ಸೈಟ್ (ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಹಿಂದಿನ ಕಚ್ಚು ಮತ್ತು ಮುಂದಿನ ಕಂಬ) ಸರಿಯಾಗಿ ಕೂರಿಸಿ, ಕಪ್ಪು ವೃತ್ತದ ಕೆಳಗೆ ಹಿಡಿದು ಹೊಡೆಯುತ್ತೇನೆ, ಆದರೂ ಪೆಲೆಟ್ (ಏರ್ ಪಿಸ್ತೂಲಿನ ಸಣ್ಣ ಸೀಸದ ಗುಂಡು) ಜಾಸ್ತಿ ಹೋಗುವುದು ಕೆಳಗೆ ಎಡಕ್ಕೆ, ಗಡಿಯಾರದಲ್ಲಿ ಏಳು ಗಂಟೆ ಇರುವ ಜಾಗಕ್ಕೆ. ಮಧ್ಯೆ ಒಂದು ಹತ್ತು ಬೀಳುತ್ತದೆ, ಅದರ ಹಿಂದೆಯೇ ಒಂದು ಐದು. ಕೈ ಅಲ್ಲಾಡುವುದನ್ನು ನಿಲ್ಲಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನಿಸುತ್ತಿದೆ, ಅದನ್ನು ನಿಲ್ಲಿಸುವುದು ಹೇಗೆ? ಅಲ್ಲಿಯವರೆಗೆ ಹಿಂದಿನ ಸೈಟನ್ನು ಸ್ವಲ್ಪ ಬಲಕ್ಕೆ ತಿರುಗಿಸಿಕೊಳ್ಳಲಾ? ಗೊತ್ತಿರುವವರು ಬಿಡಿಸಿ ಹೇಳಿ.

ನಿಧಾನಟ್ರಿಗರ್

ಸೈಟ್ ಮುಟ್ಟಬೇಡಿ. ಹೊಡೆತಗಳೆಲ್ಲ ಒಂದೇ ಕಡೆ ಒತ್ತೊತ್ತಾಗಿ ಗುಂಪಾಗಿ, ಅಂದರೆ ಗ್ರೂಪ್ ಆಗಿ, ಬೀಳುವವರೆಗೆ ಸ್ಕ್ರೂ ಡ್ರೈವರ್ ಪೆಟ್ಟಿಗೆಯಲ್ಲೇ ಇರಲಿ.

ಕೈ ಅಲ್ಲಾಡುವುದು ನಿಲ್ಲುವುದಿಲ್ಲ. ಒಲಿಂಪಿಕ್ ಪದಕ ಗೆದ್ದವರ ಕೈಯೂ ಅಲ್ಲಾಡುತ್ತದೆ, ನಿಮ್ಮದಕ್ಕಿಂತ ಕಡಿಮೆ ಅಷ್ಟೇ. ಅಭ್ಯಾಸದಿಂದ ಆ ಅಲ್ಲಾಟದ ಅಳತೆ ನಿಧಾನವಾಗಿ ಚಿಕ್ಕದಾಗುತ್ತದೆ, ಅದಕ್ಕೆ ತಿಂಗಳುಗಳು, ವರ್ಷಗಳು ಬೇಕು. ಆದರೆ ನಿಮ್ಮ ಐದುಗಳು ಅದರಿಂದ ಬರುತ್ತಿಲ್ಲ. ಲೆಕ್ಕ ಹಾಕಿ ನೋಡಿದರೆ ಗೊತ್ತಾಗುತ್ತದೆ.

10 ಮೀಟರ್ ಪಿಸ್ತೂಲ್ ಟಾರ್ಗೆಟ್‌ನಲ್ಲಿ ಹತ್ತರ ವೃತ್ತದ ಅಗಲ 11.5 ಮಿ.ಮೀ. ಪೆಲೆಟ್ 4.5 ಮಿ.ಮೀ. ಪೆಲೆಟ್‌ನ ಅಂಚು ಗೆರೆ ಮುಟ್ಟಿದರೂ ಮೇಲಿನ ಅಂಕವೇ ಸಿಗುತ್ತದೆ. ಅಂದರೆ ನಟ್ಟನಡುವಿನಿಂದ ಯಾವ ದಿಕ್ಕಿಗಾದರೂ 8 ಮಿ.ಮೀ. ಒಳಗೆ ಬಿದ್ದರೆ ಹತ್ತು, 16 ಮಿ.ಮೀ. ಒಳಗೆ ಒಂಬತ್ತು, 24 ಒಳಗೆ ಎಂಟು. ಈಗ ಎರಡು ಬೇರೆ ಬೇರೆ ತಪ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಮೊದಲನೆಯದು. ಎರಡೂ ಸೈಟ್ ಒಂದೇ ಸಾಲಿನಲ್ಲಿವೆ, ಇಡೀ ಪಿಸ್ತೂಲ್ ನೇರವಾಗಿ ಪಕ್ಕಕ್ಕೆ 5 ಮಿ.ಮೀ. ಸರಿದಿದೆ. ಆಗ ಪೆಲೆಟ್ ಕೂಡ 5 ಮಿ.ಮೀ. ಪಕ್ಕಕ್ಕೆ ಬೀಳುತ್ತದೆ. ಅದು ಹತ್ತೇ.

ಎರಡನೆಯದು. ಪಿಸ್ತೂಲ್ ಇದ್ದಲ್ಲೇ ಇದೆ, ಆದರೆ ಮಣಿಕಟ್ಟು ಚೂರು ತಿರುಗಿ ಮುಂದಿನ ಸೈಟ್ ಹಿಂದಿನ ಸೈಟಿನ ಕಚ್ಚಿನಲ್ಲಿ ಎಡಕ್ಕೆ 1 ಮಿ.ಮೀ. ಸರಿದಿದೆ. ಎರಡು ಸೈಟ್‌ಗಳ ನಡುವಿನ ದೂರ ಸುಮಾರು 32 ಸೆಂ.ಮೀ. ಅಂತ ಇಟ್ಟುಕೊಳ್ಳಿ. 10 ಮೀಟರ್ ಅಂದರೆ ಅದರ 31 ಪಟ್ಟು. ಆ 1 ಮಿ.ಮೀ. ಟಾರ್ಗೆಟ್ ಮುಟ್ಟುವ ಹೊತ್ತಿಗೆ 31 ಮಿ.ಮೀ. ಆಗಿರುತ್ತದೆ. ಏಳು. ಅರ್ಧ ಮಿಲಿಮೀಟರ್ ತಪ್ಪಿದರೂ ಒಂಬತ್ತರ ಕಟ್ಟಕಡೆಯ ಅಂಚು.

ಅಂದರೆ ಕಣ್ಣಿಗೆ ದೊಡ್ಡದಾಗಿ ಕಾಣುವ ಅಲ್ಲಾಟ ಕೊಡುವ ಪೆಟ್ಟು ಚಿಕ್ಕದು, ಕಣ್ಣಿಗೆ ಕಾಣದಷ್ಟು ಸಣ್ಣ ಕೋನದ ತಪ್ಪು ಕೊಡುವ ಪೆಟ್ಟು ದೊಡ್ಡದು. ಹೊಸಬರು ಇದನ್ನು ತಿರುಗಾಮುರುಗಾ ತಿಳಿದುಕೊಳ್ಳುತ್ತಾರೆ. ವೃತ್ತದ ಕೆಳಗೆ ಸೈಟನ್ನು ಅಲುಗದಂತೆ ನಿಲ್ಲಿಸಲು ಹೋಗಿ, ನಿಂತಂತೆ ಕಂಡ ಆ ಒಂದು ಕ್ಷಣದಲ್ಲಿ "ಈಗ!" ಅಂತ ಟ್ರಿಗರ್ ಎಳೆದುಬಿಡುತ್ತಾರೆ. ಬೆರಳಿನ ಜೊತೆ ಇಡೀ ಅಂಗೈ ಮುಷ್ಟಿಯಾಗುತ್ತದೆ, ಪಿಸ್ತೂಲಿನ ಮೂತಿ ಕೆಳಗೆ ಎಡಕ್ಕೆ ಬಗ್ಗುತ್ತದೆ. ಬಲಗೈಯವರಿಗೆ ಏಳು ಗಂಟೆ ದಿಕ್ಕಿನ ಹೊಡೆತ ಅಂದರೆ ಬಹುತೇಕ ಇದೇ ಕಾರಣ.

ಕಪ್ಪುಬಿಳುಪು

ಮೇಲಿನವರು ಹೇಳಿದ್ದು ಸರಿ. ನಾನು ಕಣ್ಣಿನ ವಿಷಯ ಸೇರಿಸುತ್ತೇನೆ, ಯಾಕೆಂದರೆ "ಸೈಟ್ ಸರಿಯಾಗಿ ಕೂರಿಸಿ" ಅಂತ ಎಲ್ಲರೂ ಹೇಳುತ್ತಾರೆ, ಕೂತಾಗ ಹೇಗೆ ಕಾಣಬೇಕು ಅಂತ ಬಿಡಿಸಿ ಹೇಳುವವರು ಕಡಿಮೆ.

ಹಿಂದಿನ ಸೈಟ್‌ನಲ್ಲಿ ಚೌಕಾಕಾರದ ಕಚ್ಚು ಇದೆ. ಮುಂದಿನ ಸೈಟ್ ಒಂದು ಕಪ್ಪು ಕಂಬ. ಕಂಬದ ತಲೆ ಕಚ್ಚಿನ ಎರಡೂ ಬದಿಯ ತಲೆಗೆ ಸಮವಾಗಿರಬೇಕು, ಒಂದೇ ಅಡ್ಡಗೆರೆ ಎಳೆದ ಹಾಗೆ. ಕಂಬದ ಎಡಕ್ಕೂ ಬಲಕ್ಕೂ ಕಾಣುವ ಬೆಳಕಿನ ಸೀಳು ಒಂದೇ ಅಗಲ ಇರಬೇಕು. ಕಂಬ ಮೇಲೆದ್ದರೆ ಹೊಡೆತ ಮೇಲೆ, ಮುಳುಗಿದರೆ ಕೆಳಗೆ, ಎಡದ ಬೆಳಕು ಕಿರಿದಾದರೆ ಹೊಡೆತ ಎಡಕ್ಕೆ. ಮುಂದಿನ ಸೈಟ್ ಎತ್ತ ಹೋಯಿತೋ ಪೆಲೆಟ್ ಅತ್ತ.

ಈಗ ಮುಖ್ಯ ಮಾತು. ಕಣ್ಣಿಗೆ ಒಂದು ಸಲಕ್ಕೆ ಒಂದೇ ದೂರ ಸ್ಪಷ್ಟ. ಹಿಂದಿನ ಸೈಟ್, ಮುಂದಿನ ಸೈಟ್, 10 ಮೀಟರ್ ಆಚೆಯ ಟಾರ್ಗೆಟ್ ಮೂರೂ ಒಟ್ಟಿಗೆ ಚೂಪಾಗಿ ಕಾಣುವುದು ಸಾಧ್ಯವೇ ಇಲ್ಲ. ಆದ್ದರಿಂದ ಮುಂದಿನ ಸೈಟ್ ಒಂದೇ ಚೂಪಾಗಿರಲಿ. ಅದರ ಮೇಲಂಚು ಬ್ಲೇಡಿನಿಂದ ಕತ್ತರಿಸಿದಂತೆ ಕಾಣಬೇಕು, ಅಂಚಿನಲ್ಲಿ ಸವೆದ ಕಪ್ಪು ಬಣ್ಣವೋ ಕೂತ ಧೂಳಿನ ಕಣವೋ ಇದ್ದರೆ ಅದೂ ಗೊತ್ತಾಗಬೇಕು. ಹಿಂದಿನ ಸೈಟ್ ಸ್ವಲ್ಪ ಮಸುಕು. ಟಾರ್ಗೆಟ್‌ನ ಕಪ್ಪು ವೃತ್ತ ಬೂದು ಬಣ್ಣದ ಮಬ್ಬು ಉಂಡೆಯಂತೆ ಇರಲಿ, ಅದರ ಅಂಚು ಕಾಣದಿದ್ದರೂ ನಷ್ಟವಿಲ್ಲ.

ವೃತ್ತ ಚೆನ್ನಾಗಿ ಕಾಣುತ್ತಿದೆ ಅಂತ ನಿಮಗೆ ಅನ್ನಿಸಿದರೆ ನೀವು ತಪ್ಪು ಜಾಗ ನೋಡುತ್ತಿದ್ದೀರಿ ಅಂತಲೇ ಅರ್ಥ. ಮನಸ್ಸು ಮತ್ತೆ ಮತ್ತೆ ಟಾರ್ಗೆಟ್ ಕಡೆ ಓಡುತ್ತದೆ, ಮುಖ್ಯವಾಗಿ ಟ್ರಿಗರ್ ಬಿಡುವ ಕೊನೆಯ ಅರ್ಧ ಸೆಕೆಂಡಿನಲ್ಲಿ. ಎಲ್ಲಿ ಬಿತ್ತು ಅಂತ ನೋಡುವ ಆಸೆ. ಆ ಅರ್ಧ ಸೆಕೆಂಡ್ ಮುಂದಿನ ಸೈಟ್ ಬಿಟ್ಟು ಕದಲದೆ ಇರುವುದೇ ಈ ಆಟದ ಅರ್ಧ ಭಾಗ.

ಹೊಸಶೂಟರ್

ತುಂಬಾ ಥ್ಯಾಂಕ್ಸ್ ಸರ್, ಮಿಲಿಮೀಟರ್ ಲೆಕ್ಕ ನೋಡಿದ ಮೇಲೆ ವಿಷಯ ಬೇರೆ ರೀತಿ ಕಾಣುತ್ತಿದೆ. ಎರಡು ಸಂಶಯ. ಎಡಗಣ್ಣು ಮುಚ್ಚಿ ಹೊಡೆಯುತ್ತೇನೆ, ಅದು ಸರಿಯಾ? ಇನ್ನೊಂದು, ವೃತ್ತದ ಮಧ್ಯಕ್ಕೆ ಹಿಡಿಯಬೇಕಾ, ಕೆಳಗಾ? ಕೆಲವರು ವೃತ್ತದ ಕೆಳ ಅಂಚಿಗೆ ಸರಿಯಾಗಿ ತಾಗಿಸಬೇಕು ಅನ್ನುತ್ತಾರೆ.

ಎಡಗೈಶೂಟರ್

ಕಣ್ಣಿನದು ನಾನು ಹೇಳುತ್ತೇನೆ, ಇದನ್ನು ಅನುಭವಿಸಿದವಳು.

ಎರಡೂ ಕಣ್ಣು ತೆರೆದಿರಲಿ. ಒಂದು ಕಣ್ಣು ಬಿಗಿಯಾಗಿ ಮುಚ್ಚಿದರೆ ಮುಖದ ಸ್ನಾಯು ಎಳೆದುಕೊಳ್ಳುತ್ತದೆ, ತೆರೆದ ಕಣ್ಣೂ ಬೇಗ ದಣಿಯುತ್ತದೆ. ಒಂದು ಕಣ್ಣಿಗೆ ಕತ್ತಲಾದರೆ ಇನ್ನೊಂದರ ಪಾಪೆಯೂ ಅಗಲವಾಗುತ್ತದೆ, ಪಾಪೆ ಅಗಲವಾದಷ್ಟೂ ಅಂಚುಗಳು ಮಸುಕಾಗುತ್ತವೆ. ಅದಕ್ಕೇ ಗುರಿ ಹಿಡಿಯದ ಕಣ್ಣಿನ ಮುಂದೆ ಒಂದು ಬಿಳಿ ಮರೆ ಕಟ್ಟಿಕೊಳ್ಳುತ್ತಾರೆ, ಬೆಳಕು ಬರುತ್ತದೆ ಆದರೆ ಚಿತ್ರ ಕಾಣುವುದಿಲ್ಲ. ಅಂತಾರಾಷ್ಟ್ರೀಯ ನಿಯಮದಲ್ಲಿ ಅದರ ಅಗಲ 30 ಮಿ.ಮೀ. ಮೀರುವಂತಿಲ್ಲ. ಕನ್ನಡಕ ಇದ್ದರೆ ಗಾಜಿನ ಮೇಲೆ ಮಸುಕಾದ ಟೇಪ್ ತುಂಡು ಅಂಟಿಸಿದರೂ ಅಭ್ಯಾಸಕ್ಕೆ ಸಾಕು.

ಅದಕ್ಕಿಂತ ಮೊದಲು ನಿಮ್ಮ ಮುಖ್ಯ ಕಣ್ಣು ಯಾವುದು ಅಂತ ಖಚಿತ ಮಾಡಿಕೊಳ್ಳಿ. ಎರಡೂ ಕೈ ಚಾಚಿ, ಅಂಗೈಗಳನ್ನು ಒಂದರ ಮೇಲೊಂದು ಇಟ್ಟು ನಡುವೆ ಸಣ್ಣ ಕಿಂಡಿ ಮಾಡಿ. ಎರಡೂ ಕಣ್ಣು ತೆರೆದು ದೂರದ ಒಂದು ಚುಕ್ಕಿಯನ್ನು ಆ ಕಿಂಡಿಯಲ್ಲಿ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದಾಗ ಚುಕ್ಕಿ ಮಾಯವಾಗುತ್ತದೋ ಅದೇ ಮುಖ್ಯ ಕಣ್ಣು. ನೀವು ಬಲಗಣ್ಣು ಅಂದಿದ್ದೀರಿ, ಪರೀಕ್ಷೆ ಮಾಡಿ ಹೇಳಿದ್ದಾ ಅಥವಾ ಬಲಗೈ ಆದ್ದರಿಂದ ಬಲಗಣ್ಣು ಅಂದುಕೊಂಡಿದ್ದಾ?

ನನ್ನದು ಬಲಗೈ, ಎಡಗಣ್ಣು. ಪಿಸ್ತೂಲ್‌ನಲ್ಲಿ ಕೈ ಚಾಚಿರುವುದರಿಂದ ತಲೆ ಚೂರು ತಿರುಗಿಸಿ ನಿಭಾಯಿಸಬಹುದು ಅನ್ನುವವರಿದ್ದಾರೆ, ಬಲಗಣ್ಣಿಗೇ ಅಭ್ಯಾಸ ಮಾಡಿಸಿ ಅನ್ನುವವರೂ ಇದ್ದಾರೆ. ನಾನು ಎಡಗೈಗೆ ಬದಲಾಯಿಸಿದೆ. ಹೊಸದಾಗಿ ಕಲಿಯುವಾಗ ಬದಲಾಯಿಸುವುದು ಅಷ್ಟು ಕಷ್ಟವಲ್ಲ. ಹಂಗೇರಿಯ ಕಾರೋಯ್ ಟಾಕಾಚ್ ಅವರ ಬಲಗೈ 1938ರಲ್ಲಿ ಗ್ರೆನೇಡ್ ಸಿಡಿದು ಹಾಳಾಯಿತು. ಅವರು ಎಡಗೈಯಲ್ಲಿ ಕಲಿತು 1948ರಲ್ಲೂ 1952ರಲ್ಲೂ ಕೆಲವೇ ಸೆಕೆಂಡಿನಲ್ಲಿ ಬೇಗ ಬೇಗ ಹೊಡೆಯುವ 25 ಮೀಟರ್ ರ್‍ಯಾಪಿಡ್ ಫೈರ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. ಕೈ ಕಲಿಯುತ್ತದೆ.

ಕಪ್ಪುಬಿಳುಪು

ಎಲ್ಲಿ ಹಿಡಿಯಬೇಕು ಅನ್ನುವುದಕ್ಕೆ ನನ್ನ ಉತ್ತರ: ವೃತ್ತದ ಕೆಳಗೆ, ಬಿಳಿ ಜಾಗದಲ್ಲಿ. ಅಂಚಿಗೆ ತಾಗಿಸಬೇಡಿ.

ವೃತ್ತ ಕಪ್ಪು, ಸೈಟೂ ಕಪ್ಪು. ಮಧ್ಯಕ್ಕೆ ಹಿಡಿದರೆ ಮುಂದಿನ ಸೈಟಿನ ತಲೆ ವೃತ್ತದೊಳಗೆ ಕರಗಿಹೋಗುತ್ತದೆ, ನೀವು ನೋಡಬೇಕಾದ ಅಂಚೇ ಕಾಣುವುದಿಲ್ಲ. ಸರಿಯಾಗಿ ಅಂಚಿಗೆ ತಾಗಿಸಲು ಹೋದರೆ ಕಪ್ಪು ಕಪ್ಪಿಗೆ ತಾಗುವ ಆ ಕ್ಷಣವನ್ನು ಹಿಡಿಯಲು ಕಣ್ಣು ಟಾರ್ಗೆಟ್‌ಗೆ ಓಡುತ್ತದೆ. ಕೂದಲೆಳೆಯಷ್ಟು ಸರಿ ಮಾಡಲು ಹೋಗಿ ಮುಂದಿನ ಸೈಟ್ ಕಳೆದುಕೊಳ್ಳುತ್ತೀರಿ. ಸೈಟಿನ ತಲೆಗೂ ವೃತ್ತಕ್ಕೂ ನಡುವೆ ಧಾರಾಳವಾಗಿ ಬಿಳಿ ಪಟ್ಟಿ ಬಿಟ್ಟರೆ ಸೈಟಿನ ಅಂಚು ಬಿಳಿಯ ಮೇಲೆ ಎದ್ದು ಕಾಣುತ್ತದೆ. ಅದು ಒಂದು ಬಿಂದುವಲ್ಲ, ಒಂದು ಪ್ರದೇಶ. ಅದರೊಳಗೆ ಎಲ್ಲಿದ್ದರೂ ಸರಿ ಅಂತ ಒಪ್ಪಿಕೊಳ್ಳಿ. ಪೆಲೆಟ್ ನಡುವಿಗೆ ಹೋಗುವಂತೆ ಕೊನೆಗೆ ಸೈಟ್ ಎತ್ತರ ಹೊಂದಿಸಿದರಾಯಿತು.

ಇಪ್ಪತ್ತೈದುಮೀಟರ್

ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸಣ್ಣ ಕಪ್ಪು ವೃತ್ತದ ಟಾರ್ಗೆಟ್‌ಗೆ ಸರಿ. ಆದರೆ ರ್‍ಯಾಪಿಡ್ ಫೈರ್‌ನ ಟಾರ್ಗೆಟ್‌ನಲ್ಲಿ ಕಪ್ಪು ಭಾಗ 50 ಸೆಂ.ಮೀ. ಅಗಲ. ಅಲ್ಲಿ ಕೆಳಗೆ ಹಿಡಿಯುವ ಮಾತೇ ಇಲ್ಲ, ನಡುವಿಗೇ ಹಿಡಿಯಬೇಕು. ಎರಡು ಕೈಯಲ್ಲಿ ಹಿಡಿದು ಬೇರೆ ಬೇರೆ ಅಳತೆಯ ಟಾರ್ಗೆಟ್‌ಗಳಿಗೆ ಹೊಡೆಯುವ ಸ್ಪರ್ಧೆಗಳಲ್ಲೂ ಹಾಗೆಯೇ. ಹೊಸಬರು ಒಂದೇ ರೀತಿಯನ್ನು ಮಂತ್ರ ಮಾಡಿಕೊಳ್ಳಬಾರದು ಅಂತ ಹೇಳುತ್ತಿದ್ದೇನೆ.

ಕಪ್ಪುಬಿಳುಪು

ಒಪ್ಪಿದೆ. ನಾನು ಹೇಳಿದ್ದು ಇವರು ಕೇಳಿದ 10 ಮೀಟರ್‌ಗೆ. ಎಲ್ಲಿಗೆ ಗುರಿ ಹಿಡಿದರೂ ಮುಂದಿನ ಸೈಟ್ ಚೂಪಾಗಿ ಕಾಣಬೇಕು ಅನ್ನುವುದು ನಿಧಾನದ ಗುರಿಯಲ್ಲಿ ಬದಲಾಗುವುದಿಲ್ಲ.

ನಿಧಾನಟ್ರಿಗರ್

ಈಗ ಟ್ರಿಗರ್‌ಗೆ ಬರೋಣ, ನಿಮ್ಮ ಏಳು ಗಂಟೆಯ ಮೂಲ ಅಲ್ಲೇ ಇರುವುದು. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನವಾಗಿ ಓದಿ.

ಮೊದಲು ಹಿಡಿತ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲು ಗ್ರಿಪ್‌ನ ಮೇಲಕ್ಕೆ ಎಷ್ಟು ಸಾಧ್ಯವೋ ಅಷ್ಟು ಏರಿ ಕೂರಬೇಕು. ಪಿಸ್ತೂಲಿನ ನಳಿಗೆ ಮುಂಗೈಗೆ ನೇರವಾಗಿ ಮುಂದುವರಿದಂತಿರಲಿ. ಒತ್ತಡ ನಡುಬೆರಳು ಮತ್ತು ಉಂಗುರ ಬೆರಳಿನಿಂದ, ನೇರ ಹಿಂದಕ್ಕೆ. ಹೆಬ್ಬೆರಳು ಸುಮ್ನೆ ಒರಗಿರಲಿ, ಅದು ಒತ್ತಿದರೆ ಮೂತಿ ಪಕ್ಕಕ್ಕೆ ತಿರುಗುತ್ತದೆ. ಕಿರುಬೆರಳು ಬಿಗಿದರೆ ಮೂತಿ ಬಗ್ಗುತ್ತದೆ. ಎಷ್ಟು ಬಿಗಿ ಅಂತ ಕೇಳಿದರೆ, ಗಟ್ಟಿಯಾಗಿ ಕೈ ಕುಲುಕುವಷ್ಟು. ಅದಕ್ಕಿಂತ ಮುಖ್ಯವಾದದ್ದು, ಕೈ ಎತ್ತಿದಾಗ ಇದ್ದ ಬಿಗಿ ಟ್ರಿಗರ್ ಬಿಟ್ಟ ಮೇಲೂ ಅಷ್ಟೇ ಇರಬೇಕು, ಮಧ್ಯೆ ಏರಬಾರದು. ಮಣಿಕಟ್ಟು ಬೀಗ ಹಾಕಿದ ಹಾಗೆ ಗಟ್ಟಿ.

ಇನ್ನು ತೋರುಬೆರಳು. ಅದರ ಮೊದಲ ಗೆಣ್ಣಿನ ದಿಂಬು ಮಾತ್ರ ಟ್ರಿಗರ್ ಮೇಲೆ. ಬೆರಳಿನ ಉಳಿದ ಭಾಗ ಗ್ರಿಪ್‌ನ ಮರಕ್ಕೆ ತಾಗಬಾರದು, ನಡುವೆ ಒಂದು ಕಾಗದ ತೂರುವಷ್ಟಾದರೂ ಸಂದು ಇರಲಿ. ತಾಗಿದರೆ ಬೆರಳು ಹಿಂದೆ ಬರುವಾಗ ಇಡೀ ಪಿಸ್ತೂಲನ್ನು ಪಕ್ಕಕ್ಕೆ ತಳ್ಳುತ್ತದೆ. ಕೈ ಚಿಕ್ಕದಾಗಿ ಬೆರಳು ಮುಟ್ಟದಿದ್ದರೆ ಟ್ರಿಗರ್ ಬ್ಲೇಡನ್ನು ಹಿಂದಕ್ಕೆ ಸರಿಸಬಹುದು, ಸ್ಪರ್ಧೆಯ ಪಿಸ್ತೂಲ್‌ಗಳಲ್ಲಿ ಆ ಅನುಕೂಲ ಇರುತ್ತದೆ. ಕ್ಲಬ್ಬಿನ ಪಿಸ್ತೂಲಾದರೆ ಕೋಚ್ ಕೈಯಲ್ಲಿ ಮಾಡಿಸಿ.

ಏರ್ ಪಿಸ್ತೂಲ್ ಟ್ರಿಗರ್‌ನ ತೂಕ ಕನಿಷ್ಠ 500 ಗ್ರಾಂ ಇರಬೇಕು ಅಂತ ನಿಯಮ. ಸಾಮಾನ್ಯವಾಗಿ ಅದು ಎರಡು ಹಂತದಲ್ಲಿ ಬರುತ್ತದೆ. ಮೊದಲ ಹಂತ ಸಲೀಸಾಗಿ ಹಿಂದೆ ಬಂದು ಒಂದು ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ಆ ಗೋಡೆಯ ಮೇಲೆ ಒತ್ತಡ ಏರಿಸಿದಾಗ ಹೊಡೆತ ಬಿಡುತ್ತದೆ. ಕೈಯನ್ನು ಟಾರ್ಗೆಟ್‌ಗಿಂತ ಮೇಲೆತ್ತಿ, ನಿಧಾನವಾಗಿ ಇಳಿಸುತ್ತಾ ಬನ್ನಿ, ಇಳಿಯುವಾಗಲೇ ಮೊದಲ ಹಂತ ಮುಗಿಸಿ. ಬಿಳಿ ಪ್ರದೇಶಕ್ಕೆ ಬಂದು ನಿಂತ ಕೂಡಲೇ ಎರಡನೇ ಹಂತದ ಒತ್ತಡ ಏರಲು ಶುರುವಾಗಬೇಕು. ನಿಂತಿದೆಯಾ, ಚೆನ್ನಾಗಿದೆಯಾ, ಈಗ ಒತ್ತಲಾ ಅಂತ ಕಾಯಬೇಡಿ. ಸೈಟ್ ಸಾಲಿನಲ್ಲಿದ್ದಷ್ಟು ಹೊತ್ತು ಒತ್ತಡ ಏರುತ್ತಲೇ ಇರಲಿ, ಅಲ್ಲಾಟ ಇದ್ದರೆ ಇರಲಿ. ಯಾವ ಕ್ಷಣದಲ್ಲಿ ಬಿಡುತ್ತದೆ ಅನ್ನುವುದು ನಿಮಗೇ ಗೊತ್ತಾಗದಿದ್ದರೆ ಅದೇ ಒಳ್ಳೆಯ ಹೊಡೆತ.

ಉಸಿರು: ಕೈ ಎತ್ತುವಾಗ ಒಳಗೆ, ಇಳಿಸುವಾಗ ಅರ್ಧಕ್ಕಿಂತ ಜಾಸ್ತಿ ಹೊರಗೆ, ಅಲ್ಲಿ ಬರುವ ಸಹಜ ವಿರಾಮದಲ್ಲಿ ಹೊಡೆತ. ಬಿಗಿಹಿಡಿದು ಕಟ್ಟಬೇಡಿ. ನಿಂತ ಮೇಲೆ 5ರಿಂದ 8 ಸೆಕೆಂಡ್ ಒಳಗೆ ಹೊಡೆತ ಬರಲಿಲ್ಲ ಅಂದರೆ ಕೈ ಇಳಿಸಿ. ಅಲ್ಲಿಂದ ಮುಂದೆ ಕಣ್ಣು ದಣಿಯುತ್ತದೆ, ನೋಡಿದ ಚಿತ್ರವೇ ಅಚ್ಚೊತ್ತಿ ನಿಂತುಬಿಡುತ್ತದೆ, ಸೈಟ್ ಸರಿದಿದ್ದರೂ ಸರಿಯಾಗಿದ್ದಂತೆ ಕಾಣುತ್ತದೆ. ಹೊಸಬರ ಕೆಟ್ಟ ಹೊಡೆತಗಳಲ್ಲಿ ಬಹುಪಾಲು ಹತ್ತನೇ ಸೆಕೆಂಡ್ ದಾಟಿದ ಮೇಲೆ ಬಿಟ್ಟವು. ಕೈ ಇಳಿಸುವುದಕ್ಕೆ ಧೈರ್ಯ ಬೇಕು, ಅದನ್ನೂ ಅಭ್ಯಾಸ ಮಾಡಬೇಕು.

ಕೊನೆಯದು, ಹೊಡೆತ ಬಿಟ್ಟ ಮೇಲೆ. ಕೈ ತಕ್ಷಣ ಬಿಡಬೇಡಿ. ಟ್ರಿಗರ್ ಹಿಂದೆಯೇ ಇರಲಿ, ಕಣ್ಣು ಮುಂದಿನ ಸೈಟ್ ಮೇಲೇ ಇರಲಿ, ಒಂದೆರಡು ಸೆಕೆಂಡ್ ಅದು ಎಲ್ಲಿಗೆ ಬಂದು ನಿಂತಿತು ನೋಡಿ. ಟಾರ್ಗೆಟ್ ನೋಡುವ ಮೊದಲೇ "ಇದು ಚೂರು ಬಲಕ್ಕೆ ಒಂಬತ್ತು" ಅಂತ ನೀವೇ ಹೇಳಿಕೊಳ್ಳಿ. ಆಮೇಲೆ ಪರದೆ ನೋಡಿ. ಹೇಳಿದ್ದಕ್ಕೂ ಬಿದ್ದದ್ದಕ್ಕೂ ತಾಳೆಯಾಗುತ್ತಿದ್ದರೆ ನೀವು ಸೈಟ್ ನೋಡುತ್ತಿದ್ದೀರಿ ಅಂತ ಖಾತರಿ. "ಎಲ್ಲ ಸರಿಯಾಗಿತ್ತು, ಆದರೂ ಐದು" ಅನ್ನುವ ಪರಿಸ್ಥಿತಿ ಇದ್ದರೆ ಬಿಡುವ ಕ್ಷಣದಲ್ಲಿ ನೀವು ಸೈಟ್ ನೋಡಿಯೇ ಇಲ್ಲ.

ರೇಂಜ್‌ಮೇಟ್

ಅಭ್ಯಾಸದ ಮಾತಿಗೆ ಹೋಗುವ ಮೊದಲು ಸುರಕ್ಷತೆಯ ನಾಲ್ಕು ಮಾತು, ಯಾಕೆಂದರೆ ಮನೆಯಲ್ಲಿ ಡ್ರೈ ಫೈರ್ (ಖಾಲಿ ಪಿಸ್ತೂಲಿನ ಟ್ರಿಗರ್ ಒತ್ತುವ ಅಭ್ಯಾಸ) ಮಾಡಿ ಅಂತ ಈಗ ಯಾರಾದರೂ ಹೇಳಿಯೇ ಹೇಳುತ್ತಾರೆ.

ಪಿಸ್ತೂಲ್ ಯಾವತ್ತೂ ಲೋಡ್ ಆಗಿದೆ ಅಂತಲೇ ನಡೆದುಕೊಳ್ಳಿ, ಈಗ ತಾನೇ ನೋಡಿದ್ದರೂ. ಮೂತಿ ಯಾವಾಗಲೂ ಸುರಕ್ಷಿತ ದಿಕ್ಕಿಗೆ. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರ್ ಗಾರ್ಡ್‌ನ ಹೊರಗೆ. ಗುರಿ ಏನು, ಅದರ ಹಿಂದೆ ಏನಿದೆ ಅಂತ ಗೊತ್ತಿರಲಿ. ಡ್ರೈ ಫೈರ್‌ಗೆ ಕೂರುವ ಮುಂಚೆ ಪೆಲೆಟ್ ಡಬ್ಬಿ ಅಥವಾ ಮದ್ದುಗುಂಡು ಬೇರೆ ಕೋಣೆಯಲ್ಲಿರಲಿ, ನಳಿಗೆ ಖಾಲಿ ಅಂತ ಕಣ್ಣಿಂದ ನೋಡಿ, ಎದುರಿನ ಗೋಡೆಯ ಹಿಂದೆ ಯಾರೂ ಇರಬಾರದು. ಅಭ್ಯಾಸ ಮುಗಿಯಿತು ಅಂತ ಗಟ್ಟಿಯಾಗಿ ಹೇಳಿಕೊಂಡು ಪಿಸ್ತೂಲನ್ನು ಬೀಗದೊಳಗಿಡಿ. ಮುಗಿದ ಮೇಲೆ "ಇನ್ನೊಂದೇ ಒಂದು" ಅಂತ ಮತ್ತೆ ಎತ್ತುವುದು ಅಪಾಯದ ಕೆಲಸ.

ಏರ್ ಪಿಸ್ತೂಲ್ ಅಂತ ಹಗುರವಾಗಿ ನೋಡಬೇಡಿ, ಪೆಲೆಟ್ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ರೇಂಜ್‌ನಲ್ಲಿ ಕನ್ನಡಕ ಕಡ್ಡಾಯ, ಗುಂಡಿನ ಪಿಸ್ತೂಲಾದರೆ ಕಿವಿಗೂ ಮರೆ ಬೇಕು. ಪೆಲೆಟ್ ಸೀಸದ್ದು. ಮುಟ್ಟಿದ ಕೈಯಲ್ಲಿ ಏನೂ ತಿನ್ನಬೇಡಿ, ಮೊದಲು ಸೋಪು ಹಾಕಿ ತೊಳೆಯಿರಿ.

ನಿಧಾನಟ್ರಿಗರ್

ಹೌದು ಸರ್, ನಾನು ಡ್ರೈ ಫೈರ್ ಹೇಳುವವನೇ ಇದ್ದೆ. ಒಳ್ಳೆಯದಾಯಿತು ಮೊದಲೇ ಹೇಳಿದ್ದು.

ಹೊಸಬರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ: ಖಾಲಿ ಬಿಳಿ ಗೋಡೆ. ಟಾರ್ಗೆಟ್ ಇಲ್ಲ, ಚುಕ್ಕಿ ಇಲ್ಲ, ಏನೂ ಇಲ್ಲ. ಗೋಡೆಯ ಮುಂದೆ ನಿಂತು, ಕೈ ಎತ್ತಿ, ಇಳಿಸಿ, ಮುಂದಿನ ಸೈಟ್ ನೋಡುತ್ತಾ ಟ್ರಿಗರ್ ಒತ್ತಿ. ಟಾರ್ಗೆಟ್ ಇಲ್ಲದಿದ್ದಾಗ ಕಣ್ಣಿಗೆ ಓಡಿಹೋಗಲು ಜಾಗವೇ ಇಲ್ಲ. "ಈಗ!" ಅಂತ ಎಳೆಯಲು ಕಾರಣವೂ ಇಲ್ಲ. ಟಕ್ ಅಂದಾಗ ಮುಂದಿನ ಸೈಟ್ ಕಚ್ಚಿನಲ್ಲಿ ಕದಲಿತಾ ನೋಡಿ. ಪ್ರತಿ ಸಲ ಎಡಕ್ಕೆ ಕೆಳಗೆ ಜಿಗಿಯುತ್ತಿದ್ದರೆ ನಿಮ್ಮ ಐದು ಎಲ್ಲಿಂದ ಬರುತ್ತಿದೆ ಅಂತ ಕಣ್ಣೆದುರೇ ಕಾಣುತ್ತದೆ. ಬೆರಳನ್ನು ಬೇರೆ ಮಾಡಿ, ಅಂಗೈ ಸುಮ್ಮನಿರಲಿ, ಮತ್ತೆ ಮಾಡಿ.

ಬಹುತೇಕ ಸ್ಪರ್ಧಾ ಏರ್ ಪಿಸ್ತೂಲ್‌ಗಳಲ್ಲಿ ಗಾಳಿ ಬಿಡದೆ ಟ್ರಿಗರ್ ಮಾತ್ರ ಕೆಲಸ ಮಾಡುವ ವ್ಯವಸ್ಥೆ ಇರುತ್ತದೆ. .22 ಅಳತೆಯ ಗುಂಡಿನ ಪಿಸ್ತೂಲ್ ಇರುವವರು ಮಾತ್ರ ಹುಷಾರು. ಅದರ ಪಿನ್ ಕಾರ್ಟ್ರಿಜ್‌ನ ಅಂಚಿಗೆ ಹೊಡೆಯುವಂಥದ್ದು, ಖಾಲಿ ಇದ್ದಾಗ ಕೆಲವು ಪಿಸ್ತೂಲ್‌ಗಳಲ್ಲಿ ಅದು ಚೇಂಬರ್‌ನ ಅಂಚಿಗೇ ಬಡಿದು ಹಾಳಾಗುತ್ತದೆ. ಕೈಪಿಡಿ ನೋಡಿ, ಅಥವಾ ಡಮ್ಮಿ (ಸಿಡಿಯದ ನಕಲಿ) ಗುಂಡು ಹಾಕಿ.

ರೇಂಜ್‌ನಲ್ಲಿಯೂ ಟಾರ್ಗೆಟ್ ಕಾಗದ ತಿರುಗಿಸಿ ಬಿಳಿ ಹಿಂಬದಿಗೆ ಹೊಡೆಯಿರಿ. ಹೆಚ್ಚಿನವರಿಗೆ ವೃತ್ತ ಇಲ್ಲದ ಬಿಳಿ ಕಾಗದದ ಮೇಲೆ ಬಿದ್ದ ಗ್ರೂಪ್ ವೃತ್ತದ ಮೇಲಿನದಕ್ಕಿಂತ ಚಿಕ್ಕದಾಗಿರುತ್ತದೆ. ಅದನ್ನು ನೋಡಿದ ಮೇಲೆ ಯಾರೂ ಹೆಚ್ಚು ವಾದ ಮಾಡುವುದಿಲ್ಲ.

ಇಪ್ಪತ್ತೈದುಮೀಟರ್

ಗುಂಡಿನ ಪಿಸ್ತೂಲ್ ಶುರು ಮಾಡುವವರಿಗೆ ಒಂದು ವಿಷಯ ಸೇರಿಸಲೇಬೇಕು. ಅಲ್ಲಿ ಸದ್ದು ಇದೆ, ಹಿಂದಕ್ಕೆ ಒದೆತ ಇದೆ. ದೇಹ ಆ ಒದೆತ ಬರುವ ಮೊದಲೇ ಅದನ್ನು ತಡೆಯಲು ಮುಂದಕ್ಕೆ ತಳ್ಳುತ್ತದೆ, ಮೂತಿ ಕೆಳಗೆ ಹೋಗುತ್ತದೆ. ಇದನ್ನು ಹಿಡಿಯುವ ದಾರಿ: ಜೊತೆಯವರು ನಿಮಗೆ ಕಾಣದಂತೆ ಮ್ಯಾಗಜೀನ್‌ನಲ್ಲಿ ನಿಜವಾದ ಗುಂಡಿನ ಮಧ್ಯೆ ಡಮ್ಮಿ ಸೇರಿಸಿ ಕೊಡಲಿ. ಡಮ್ಮಿ ಬಂದಾಗ ಸದ್ದಿಲ್ಲ, ಒದೆತವಿಲ್ಲ, ಆದರೂ ಮೂತಿ ಕುಸಿದರೆ ಅದು ಪೂರ್ತಿ ನಿಮ್ಮ ಕೈಯ ಕೆಲಸ.

ದೂರದ ಲೆಕ್ಕವೂ ಅಲ್ಲಿ ಇನ್ನೂ ಕಠಿಣ. ಸಾಮಾನ್ಯ ಪಿಸ್ತೂಲ್‌ನಲ್ಲಿ ಎರಡು ಸೈಟ್ ನಡುವೆ 16 ಸೆಂ.ಮೀ. ಇದ್ದರೆ, 25 ಮೀಟರ್‌ಗೆ 1 ಮಿ.ಮೀ. ತಪ್ಪು 15 ಸೆಂ.ಮೀ.ಗಿಂತ ಜಾಸ್ತಿ ಆಗುತ್ತದೆ. ನಿಧಾನವಾಗಿ ಹೊಡೆಯುವ ಪ್ರಿಸಿಷನ್ ಟಾರ್ಗೆಟ್‌ನ ಕಪ್ಪು ವೃತ್ತದ ಅಗಲ 20 ಸೆಂ.ಮೀ., ಅಂದರೆ ನಡುವಿನಿಂದ 10. ಪೂರ್ತಿ ಬಿಳಿಗೆ ಬೀಳುತ್ತದೆ.

ಆಮೇಲೆ ಆ ಗಡಿಯಾರದ ಚಿತ್ರ, ಏಳು ಗಂಟೆಗೆ ಬಿದ್ದರೆ ಇದು, ಮೂರು ಗಂಟೆಗೆ ಬಿದ್ದರೆ ಅದು ಅಂತ ತೋರಿಸುವುದು, ಅದು ಒಂದು ಕೈಯಲ್ಲಿ ಹೊಡೆಯುವ ಬಲಗೈಯವರಿಗೆ ಮಾಡಿದ್ದು. ಎಡಗೈಯವರು ಕನ್ನಡಿಯಲ್ಲಿ ನೋಡಿದಂತೆ ಓದಬೇಕು. ಎರಡು ಕೈಯಲ್ಲಿ ಹಿಡಿಯುವವರು ಅದನ್ನು ಕಣ್ಣುಮುಚ್ಚಿ ನಂಬಬೇಡಿ, ಎಡಗೈಯ ಒತ್ತಡ ಸೇರಿದಾಗ ಕಾರಣಗಳು ಬೇರೆಯಾಗುತ್ತವೆ.

ಎಡಗೈಶೂಟರ್

ನಿಲ್ಲುವ ರೀತಿ ಬಗ್ಗೆ ಯಾರೂ ಹೇಳಲಿಲ್ಲ. ಪಾದ ಸರಿಯಿಲ್ಲದಿದ್ದರೆ ಉಳಿದ ಎಲ್ಲವೂ ದಂಡ.

ಪಾದಗಳು ಭುಜದಷ್ಟು ಅಗಲ, ತೂಕ ಎರಡರ ಮೇಲೂ ಸಮ, ಟಾರ್ಗೆಟ್‌ಗೆ ಪಕ್ಕಕ್ಕೆ ನಿಂತ ಹಾಗೆ. ಖಾಲಿ ಕೈ ಜೇಬಿನಲ್ಲಿ ಅಥವಾ ಬೆಲ್ಟಿನಲ್ಲಿ ಸಿಕ್ಕಿಸಿ, ತೂಗಾಡಬಾರದು. ಕತ್ತು ನೆಟ್ಟಗಿರಲಿ, ತಲೆಯನ್ನು ಸೈಟಿನ ಹತ್ತಿರ ತರಬೇಡಿ, ಸೈಟನ್ನೇ ಕಣ್ಣಿನ ಮಟ್ಟಕ್ಕೆ ತನ್ನಿ.

ಈಗ ಕಣ್ಣು ಮುಚ್ಚಿ ಕೈ ಎತ್ತಿ ಆರಾಮಾಗಿ ಇಳಿಸಿ, ಎಲ್ಲಿ ನಿಲ್ಲುತ್ತದೋ ಅಲ್ಲಿ ಬಿಡಿ. ಕಣ್ಣು ತೆರೆಯಿರಿ. ಸೈಟ್ ಟಾರ್ಗೆಟ್‌ನ ಎಡಕ್ಕೆ ನಿಂತಿದ್ದರೆ ಕೈಯನ್ನು ಎಳೆದು ತರಬೇಡಿ. ಹಿಂದಿನ ಪಾದವನ್ನು ಚೂರು ಸರಿಸಿ ಇಡೀ ದೇಹ ತಿರುಗಿಸಿ. ಮತ್ತೆ ಕಣ್ಣು ಮುಚ್ಚಿ, ಎತ್ತಿ, ತೆರೆದು ನೋಡಿ. ತಾನಾಗಿ ನೇರಕ್ಕೆ ಬರುವವರೆಗೆ ಹೀಗೇ. ಪ್ರತಿ ಸಲವೂ ಕೈಯನ್ನು ಬಲವಂತವಾಗಿ ಎಳೆದು ಹಿಡಿದರೆ ಟ್ರಿಗರ್ ಬಿಡುವ ಕ್ಷಣಕ್ಕೆ ಸ್ನಾಯು ಸಡಿಲವಾಗಿ ಕೈ ತನ್ನ ಸಹಜ ಜಾಗಕ್ಕೆ ವಾಪಸ್ ಹೋಗುತ್ತದೆ.

ಹೊಸಶೂಟರ್

ಎಲ್ಲರಿಗೂ ನಮಸ್ಕಾರ ಮತ್ತೆ. ಸ್ವಲ್ಪ ದಿನ ಬಿಳಿ ಗೋಡೆ, ಬಿಳಿ ಕಾಗದ ಬಿಟ್ಟು ಬೇರೇನೂ ಮಾಡಲಿಲ್ಲ. ಸೈಟ್ ಟಕ್ ಅಂದಾಗ ಎಡಕ್ಕೆ ಜಿಗಿಯುವುದು ಮೊದಲ ದಿನವೇ ಕಾಣಿಸಿತು. ಮೇಡಂ, ಕಣ್ಣಿನ ಪರೀಕ್ಷೆಯೂ ಮಾಡಿದೆ, ಬಲಗಣ್ಣೇ. ಈಗ ಗ್ರೂಪ್ ಚಿಕ್ಕದಾಗಿದೆ, ಆದರೆ ಇಡೀ ಗ್ರೂಪ್ ನಡುವಿನಿಂದ ಎಡಕ್ಕೆ 15 ಮಿ.ಮೀ. ಆಸುಪಾಸಿನಲ್ಲಿ ಕೂತಿದೆ. ಎತ್ತರ ಸರಿಯಾಗಿದೆ. ಈಗಲಾದರೂ ಸೈಟ್ ಮುಟ್ಟಬಹುದಾ?

ನಿಧಾನಟ್ರಿಗರ್

ಈಗ ಮುಟ್ಟಬಹುದು. ಆದರೆ ಬೇರೆ ಬೇರೆ ದಿನವೂ ಗ್ರೂಪ್ ಅಲ್ಲೇ ಬೀಳುತ್ತಿದೆಯಾ ಅಂತ ಮೊದಲು ನೋಡಿಕೊಳ್ಳಿ. ಕ್ಲಬ್ ಪಿಸ್ತೂಲಾದರೆ ಹಿಂದೆ ಹೊಡೆದವರು ತಮಗೆ ಬೇಕಾದಂತೆ ಸೈಟ್ ಇಟ್ಟಿರಬಹುದು, ಅದು ಸಹಜ.

ಹಿಂದಿನ ಸೈಟನ್ನು ಹೊಡೆತ ಎತ್ತ ಹೋಗಬೇಕೋ ಅತ್ತ ಸರಿಸಬೇಕು. ನಿಮಗೆ ಬಲಕ್ಕೆ ಹೋಗಬೇಕು, ಬಲಕ್ಕೆ ಸರಿಸಿ. ಎಷ್ಟು ಅಂತ ಅದೇ 31ರ ಲೆಕ್ಕದಲ್ಲಿ ಸಿಗುತ್ತದೆ: 15 ಮಿ.ಮೀ.ಗೆ ಸುಮಾರು ಅರ್ಧ ಮಿಲಿಮೀಟರ್. ಒಂದು ಕ್ಲಿಕ್‌ಗೆ ಎಷ್ಟು ಅನ್ನುವುದು ಪಿಸ್ತೂಲಿಂದ ಪಿಸ್ತೂಲಿಗೆ ಬೇರೆ, ಕೈಪಿಡಿಯಲ್ಲಿದೆ. ಸ್ಕ್ರೂ ಮೇಲಿನ ಗುರುತುಗಳನ್ನೂ ಓದಿ ತಿರುಗಿಸಿ. ಕೆಲವು ತಯಾರಕರು ಹೊಡೆತ ಬಲಕ್ಕೆ ಬೀಳುತ್ತಿದ್ದರೆ ಈ ಕಡೆ ತಿರುಗಿಸಿ ಅಂತ ಗುರುತು ಹಾಕಿರುತ್ತಾರೆ, ಕೆಲವರು ಬಲಕ್ಕೆ ಹೋಗಬೇಕಾದರೆ ಅಂತ. ಎಷ್ಟು ಕ್ಲಿಕ್ ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಕನಿಷ್ಠ ಐದು ಹೊಡೆತದ ಗ್ರೂಪ್ ಹೊಡೆದು ಅದರ ನಡುವನ್ನು ನೋಡಿ. ಒಂದು ಹೊಡೆತ ಪಕ್ಕಕ್ಕೆ ಬಿತ್ತು ಅಂತ ಮತ್ತೆ ಸ್ಕ್ರೂಗೆ ಕೈ ಹಾಕಬೇಡಿ.

ಹೊಸಶೂಟರ್

ಮಾಡುತ್ತೇನೆ ಸರ್. ಇನ್ನೊಂದೇ ಪ್ರಶ್ನೆ. ಕ್ಲಬ್‌ನಲ್ಲಿ ಮೊದಲ ಮ್ಯಾಚ್ ಬರುತ್ತಿದೆ, 60 ಹೊಡೆತ. ಅಭ್ಯಾಸದಲ್ಲಿ ಒಂದು ಆರು ಬಿದ್ದರೂ ಮುಂದಿನ ನಾಲ್ಕೈದು ಕೆಡುತ್ತವೆ. ಆಗ ಏನು ಮಾಡುವುದು?

ಇಪ್ಪತ್ತೈದುಮೀಟರ್

2016ರ ರಿಯೋ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಪಿಸ್ತೂಲ್ ಫೈನಲ್. ಕೊರಿಯಾದ ಜಿನ್ ಜಾಂಗ್-ಓ, ಅಷ್ಟರಲ್ಲಾಗಲೇ ಅದೇ ಸ್ಪರ್ಧೆಯಲ್ಲಿ 2008 ಮತ್ತು 2012ರ ಚಿನ್ನ ಗೆದ್ದವರು. ಫೈನಲ್ ಮಧ್ಯೆ ಒಂದು ಹೊಡೆತ 6.6. ಆ ಮಟ್ಟದಲ್ಲಿ ಅದು ಮನೆಗೆ ಕಳಿಸುವಂಥ ಅಂಕ. ಅವರು ಅಲ್ಲಿಂದ ಮೇಲೆ ಬಂದು ಮೂರನೇ ಸಲ ಚಿನ್ನ ಗೆದ್ದರು. ಆರು ಬೀಳುತ್ತದೆ, ಎಲ್ಲರಿಗೂ. ಅದನ್ನು ಮುಂದಿನ ಹೊಡೆತದಲ್ಲಿ ವಸೂಲಿ ಮಾಡಲು ಹೋದಾಗಲೇ ಮತ್ತೆ "ಈಗ!" ಅಂತ ಎಳೆಯುವುದು ಶುರುವಾಗುತ್ತದೆ.

ಕಪ್ಪುಬಿಳುಪು

ನಾನು ಮಾಡುವುದು ಹೇಳುತ್ತೇನೆ. ಕೆಟ್ಟ ಹೊಡೆತ ಬಿದ್ದ ಮೇಲೆ ಪಿಸ್ತೂಲನ್ನು ಮೇಜಿನ ಮೇಲೆ ಇಡುತ್ತೇನೆ. ಕೈ ಪೂರ್ತಿ ಬಿಡುತ್ತೇನೆ. ಪಾದ ಸರಿದಿದೆಯಾ ನೋಡುತ್ತೇನೆ. ಮೊದಲಿನಿಂದ ಹಿಡಿತ ಹಾಕುತ್ತೇನೆ, ಮುಂದಿನ ಸೈಟ್ ಮಾತ್ರ ನೋಡುತ್ತಾ ಒಂದು ಡ್ರೈ ಟ್ರಿಗರ್ ಒತ್ತುತ್ತೇನೆ, ಆಮೇಲೆ ಲೋಡ್.

ಸಮಯದ ಭಯ ಬೇಡ. ಎಲೆಕ್ಟ್ರಾನಿಕ್ ಟಾರ್ಗೆಟ್ ಆದರೆ 60 ಹೊಡೆತಕ್ಕೆ 75 ನಿಮಿಷ, ಅದಕ್ಕೂ ಮೊದಲು ಸೈಟ್ ನೋಡಿಕೊಳ್ಳಲು 15 ನಿಮಿಷ ಬೇರೆ ಕೊಡುತ್ತಾರೆ. ಒಂದು ಹೊಡೆತಕ್ಕೆ ಒಂದೂಕಾಲು ನಿಮಿಷ ಬಂತು. ಕೈ ಎತ್ತಿ ಇಳಿಸಿ ಹೊಡೆಯಲು ಇಪ್ಪತ್ತು ಸೆಕೆಂಡೂ ಬೇಡ. ಸರಿಯೆನಿಸದ ಹೊಡೆತವನ್ನು ಬಿಟ್ಟು ಕೈ ಇಳಿಸಿ ಮತ್ತೆ ಎತ್ತಲು ಬೇಕಾದಷ್ಟು ಸಮಯ ಇದೆ, ಅದನ್ನು ಪೂರ್ತಿ ಬಳಸಿಕೊಳ್ಳಿ. ಕ್ಲಬ್ ಮ್ಯಾಚ್‌ನಲ್ಲಿ ಕಾಗದದ ಟಾರ್ಗೆಟ್ ಇದ್ದರೆ ಸಮಯ ಬೇರೆ ಇರುತ್ತದೆ, ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.